ಸುಡು ಬಿಸಿಲಿನ ಡ್ಯೂಟಿ: ಒದ್ದೆ ಬಟ್ಟೆಯೋ, ಐಸ್ ಜಾಕೆಟ್ಟೋ, ಬಕೆಟ್ ನೀರೋ?

ಬುಲೆಟ್‌ಪ್ರೂಫ್ ಜಾಕೆಟ್, ಹೆಲ್ಮೆಟ್ ಹಾಕಿಕೊಂಡು 45 ಡಿಗ್ರಿಯಲ್ಲಿ ಪಹರೆ ನಿಂತವನಿಗೆ "ನೆರಳಲ್ಲಿರಿ, ತೆಳು ಬಟ್ಟೆ ಹಾಕಿ" ಅಂತ ಹೇಳಿ ಏನು ಉಪಯೋಗ? ನೆರಳೂ ನಮ್ಮ ಕೈಯಲ್ಲಿಲ್ಲ, ಬಟ್ಟೆಯೂ ಇಲ್ಲ. ತೇವದ ಹವೆಯಲ್ಲಿ ಆ ಜಾಕೆಟ್ ಹಾಕಿದರೆ ಬಿಸಿಲಿನ ಸೂಚ್ಯಂಕಕ್ಕೆ (ಶಾಖ, ತೇವ, ಗಾಳಿ, ಬಿಸಿಲು ಎಲ್ಲ ಸೇರಿಸಿ ಅಳೆಯುವ WBGT) ಸುಮಾರು 3 ಡಿಗ್ರಿ ಸೆಲ್ಸಿಯಸ್ ಕೂಡಿಸಿಕೊಳ್ಳಿ ಅನ್ನುತ್ತದೆ ಅಮೆರಿಕ ಸೇನೆಯ ಕೈಪಿಡಿ. ನಾನು ಒಣ ಮರಳುಗಾಡಿನಲ್ಲೂ ಇದ್ದೆ, ಆಮೇಲೆ ಕಡಲ ದಡದ ಪೋಸ್ಟ್‌ನಲ್ಲೂ ಇದ್ದೆ. ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಸೋತಿತು.

ಕುತ್ತಿಗೆಗೆ ಸುತ್ತುವ ಒದ್ದೆ ಬಟ್ಟೆಯನ್ನೇ ನೋಡಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೋ ಕ್ಯಾಲರಿ ಶಾಖ ಎಳೆದುಕೊಳ್ಳುತ್ತದೆ. ಮರಳುಗಾಡಿನಲ್ಲಿ ಇದಕ್ಕಿಂತ ಹಗುರವಾದ, ಒಳ್ಳೆಯ ಉಪಾಯ ಇಲ್ಲ. ಬಾಟಲಿಗೆ ಒದ್ದೆ ಸಾಕ್ಸ್ ಹಾಕಿ ಗಾಳಿಗೆ ತೂಗುಹಾಕಿದರೂ ಅದೇ ಲಾಭ. ಕಡಲ ದಡದಲ್ಲಿ ಮಾತ್ರ ಬಟ್ಟೆ ಒಣಗುವುದೇ ಇಲ್ಲ. ಬೆಚ್ಚಗಾಗಿ, ನಾರಿ, ಬೆವರುಸಾಲೆ ತರಿಸುತ್ತದೆ.

ಐಸ್ ಜಾಕೆಟ್ ಶುರುವಿನಲ್ಲಿ ಸ್ವರ್ಗ. ಐಸ್ ಕರಗಿದ ಮೇಲೆ ಸುಮ್ನೆ ಹೊರೆ. ಫ್ರೀಜರ್ ಬೇರೆ ಬೇಕು. ವಾಹನದೊಳಗೆ ಕೂರುವವರಿಗೆ ಸರಿ, ಗಸ್ತು ತಿರುಗುವವರಿಗೆ ಬೇಡ.

ನನ್ನ ಓಟು ಬಕೆಟ್ಟಿಗೆ. ಗಸ್ತು ಮುಗಿಸಿ ಬಂದು, ಜಾಕೆಟ್ ಬಿಚ್ಚಿ, ತೋಳು ಮಡಚಿ, ಮೊಣಕೈವರೆಗೆ ಐಸ್ ನೀರಿನಲ್ಲಿ ಅದ್ದಿ ಕೂರುವುದು, ಅಷ್ಟೇ. ಮೊದಲು ಬೆರಳುಗಳು ಜುಮ್ಮೆಂದು ನೋಯುತ್ತವೆ. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಬಡಿಯುತ್ತಿದ್ದ ನಾಡಿ ಇಳಿಯುತ್ತದೆ. ಅಂಗೈ, ಮುಂಗೈಗಳಲ್ಲಿ ರಕ್ತ ಚರ್ಮದ ಹತ್ತಿರವೇ ಜಾಸ್ತಿ ಹರಿಯುತ್ತದೆ. ಅಲ್ಲಿ ತಣ್ಣಗಾದ ರಕ್ತ ಮೈಯೊಳಗೆ ವಾಪಸ್ ಹೋಗುತ್ತದೆ. ಆವಿಯ ಹಂಗಿಲ್ಲ, ಹಾಗಾಗಿ ಎರಡೂ ಕಡೆ ಕೆಲಸ ಮಾಡಿತು. ಆದರೆ ಯಾರಾದರೂ ತಡಬಡಾಯಿಸಿ ಮಾತಾಡತೊಡಗಿದರೆ, ಕುಸಿದರೆ, ಬಕೆಟ್ ಸಾಲದು. ಅದು ಹೀಟ್ ಸ್ಟ್ರೋಕ್. ವೈದ್ಯರನ್ನು ಕರೆಸಿ, ಅವರು ಬರುವವರೆಗೆ ಕಾಯದೆ ತಲೆಯನ್ನು ನೀರಿನ ಮೇಲೆ ಹಿಡಿದು, ಕುತ್ತಿಗೆವರೆಗೆ ಇಡೀ ಮೈಯನ್ನು ತಣ್ಣೀರಿನಲ್ಲಿ ಮುಳುಗಿಸಬೇಕು.

ಕುಡಿಯುವ ವಿಷಯಕ್ಕೆ ಬಂದರೆ, ಬಾಟಲಿಗಿಂತ ಬೆನ್ನಿಗೆ ಹಾಕುವ ನೀರಿನ ಚೀಲ ವಾಸಿ. ಕೈ ಬಿಡುವಿಲ್ಲದಿದ್ದರೂ ಗುಟುಕು ಗುಟುಕಾಗಿ ಕುಡಿಯಬಹುದು. ನಳಿಕೆಯಲ್ಲಿ ಉಳಿದ ನೀರು ಕಾದು ಬಾಯಿ ಸುಡುತ್ತದೆ ಅಲ್ವಾ? ಕುಡಿದಾದ ಮೇಲೆ ನಳಿಕೆಗೆ ಉಸಿರು ಊದಿ ನೀರನ್ನು ಚೀಲಕ್ಕೆ ಹಿಂದೆ ತಳ್ಳಿ. ಹೊತ್ತು ಹೊತ್ತಿಗೆ ಊಟ ಸಿಕ್ಕರೆ ಬರೀ ನೀರು ಸಾಕು. ಊಟ ತಪ್ಪಿದ ದಿನ ನಾನು ಓಆರ್‌ಎಸ್ ಕಡೆಗೆ. ಎಷ್ಟೇ ಬೆವರಿದರೂ ಗಂಟೆಗೆ ಸುಮಾರು 1.4 ಲೀಟರ್ ದಾಟಬೇಡಿ. ನೀರು ಜಾಸ್ತಿಯಾಗಿ ರಕ್ತದ ಸೋಡಿಯಂ (ಉಪ್ಪಿನ ಅಂಶ) ಇಳಿದರೂ ತಲೆನೋವು, ವಾಂತಿ ಬರುತ್ತದೆ, ಬಿಸಿಲು ಬಡಿದ ಹಾಗೇ ಕಾಣುತ್ತದೆ.

ಮನೆಯವರ ಜೊತೆ ಮಾತಾಡುವುದರಲ್ಲೂ ಇದೇ ಲೆಕ್ಕಾಚಾರ. ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದರೆ ಫೋನ್ ಕಾದು ಆಫ್ ಆಗುತ್ತದೆ. ಅಷ್ಟರಲ್ಲಿ ಒಡೆದ ತುಟಿ ನೋಡಿ ಹೆಂಡತಿಗೆ ಗಾಬರಿ. ರಾತ್ರಿ ಮಾತಾಡುತ್ತ ಕೂತರೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮೈಗೆ ಮರುದಿನದ ಬಿಸಿಲು ಬೇಗ ತಾಗುತ್ತದೆ. ಬೆಳಗಿನ ಜಾವದ ವಾಯ್ಸ್ ಮೆಸೇಜೇ ನನಗೆ ಹೊಂದಿತು. ಅಮ್ಮ ಮಾತ್ರ ಇದಕ್ಕೆ ಒಪ್ಪುವುದಿಲ್ಲ, ಅವರಿಗೆ ಮುಖ ಕಾಣಲೇಬೇಕು. ಬಿಡುವಿನ ದಿನ ಎಸಿ ಇರುವ ಕೋಣೆ ಹುಡುಕಿ ಅವರಿಗೆ ವಿಡಿಯೋ ಕಾಲ್ ಮಾಡುತ್ತೇನೆ.