ಜೆಕ್ಯೂ: 1.5ರಿಂದ 1.8ರವರೆಗೆ ಬಳಸಿದವನ ಮಾತು

ನನ್ನ ಟರ್ಮಿನಲ್‌ನ ಹಿಸ್ಟರಿ ತೆಗೆದರೆ ಗಿಟ್ ಬಿಟ್ಟು ಅತಿ ಹೆಚ್ಚು ಸಲ ಕಾಣುವ ಹೆಸರು ಜೆಕ್ಯೂ (jq). ಜೇಸನ್ (JSON) ಎಂಬ ಪಠ್ಯರೂಪದಲ್ಲಿ ಬರೆದಿಟ್ಟ ಡೇಟಾವನ್ನು ಸೋಸಿ, ಬೇಕಾದ್ದನ್ನು ಆರಿಸಿ, ಬೇರೆ ಆಕಾರಕ್ಕೆ ತಿರುಗಿಸಿ ಕೊಡುವ ಪುಟ್ಟ ಟೂಲ್ ಇದು. ಸ್ಟೀಫನ್ ಡೋಲನ್ 2012ರಲ್ಲಿ ಹೊರತಂದದ್ದು. ಬರೆದಿರುವುದು ಸಿ ಭಾಷೆಯಲ್ಲಿ, ಲೈಸೆನ್ಸ್ ಎಂಐಟಿ. ನಾನು ಹಿಡಿದುಕೊಂಡಿದ್ದು ಅದರ 1.5ನೇ ಆವೃತ್ತಿಯ ಕಾಲದಲ್ಲಿ. ಈಗ 1.8ರ ಸರಣಿಯಲ್ಲಿದ್ದೇನೆ. ಕೇಳಲು ಮೂರೇ ಮೆಟ್ಟಿಲು, ಆದರೆ ನಡುವೆ ಹತ್ತು ವರ್ಷ ಕಳೆದಿದೆ.

ಮೊದಲು ನನಗಾದ ಪೆಟ್ಟಿನ ಕಥೆ ಹೇಳಿಬಿಡುತ್ತೇನೆ. ಒಂದು ಡೇಟಾಬೇಸ್‌ನಿಂದ ರೆಕಾರ್ಡ್‌ಗಳನ್ನು ತೆಗೆದು, ಜೆಕ್ಯೂನಲ್ಲಿ ಸೋಸಿ, ಇನ್ನೊಂದು ಕಡೆ ತುಂಬಿಸುವ ಸ್ಕ್ರಿಪ್ಟ್ ನನ್ನದು. ಆಗ ಇದ್ದದ್ದು 1.6. ರೆಕಾರ್ಡ್‌ಗಳ ಐಡಿ 19 ಅಂಕೆಯ ಸಂಖ್ಯೆ. ಎಲ್ಲ ಸಲೀಸಾಗಿ ಹೋಯಿತು, ಒಂದೇ ಒಂದು ಎರರ್ ಇಲ್ಲ. ಎರಡು ದಿನ ಬಿಟ್ಟು ನೋಡಿದರೆ ಆ ಕಡೆ ರೆಕಾರ್ಡ್‌ಗಳ ಲೆಕ್ಕ ಕಡಿಮೆ!

ಕಾರಣ ಸರಳ. ಜೆಕ್ಯೂ ಸಂಖ್ಯೆಗಳನ್ನು 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಆಗಿ ಇಟ್ಟುಕೊಳ್ಳುತ್ತಿತ್ತು. ಅದರಲ್ಲಿ 9007199254740992 ದಾಟಿದ ಪೂರ್ಣಾಂಕಗಳೆಲ್ಲ ನಿಖರವಾಗಿ ಕೂರುವುದಿಲ್ಲ. ಹಾಗಾಗಿ 1234567890123456789 ಒಳಗೆ ಹೋದರೆ 1234567890123456800 ಆಗಿ ಹೊರಗೆ ಬರುತ್ತಿತ್ತು. ಅದರ ಪಕ್ಕದ, 790ರಲ್ಲಿ ಮುಗಿಯುವ ಐಡಿಯೂ ಅದೇ 800 ಆಗಿ ಬರುತ್ತಿತ್ತು. ಎರಡು ರೆಕಾರ್ಡ್‌ಗೆ ಒಂದೇ ಐಡಿ, ಎರಡನೆಯದು ಮೊದಲನೆಯದನ್ನು ನುಂಗಿತು. ನಾನು ಆ ಫೀಲ್ಡ್ ಮುಟ್ಟಿಯೇ ಇರಲಿಲ್ಲ. ಸುಮ್ನೆ ಈ ಕಡೆಯಿಂದ ಆ ಕಡೆ ದಾಟಿಸಿದ್ದೆ, ಅಷ್ಟೇ. ಮ್ಯಾನ್ಯುಯಲ್ ಓದದೆ ನುಗ್ಗಿದ್ದು ನನ್ನದೇ ತಪ್ಪು ಅನ್ನಿ.

1.7ರಲ್ಲಿ ಇದು ಬದಲಾಯಿತು. ಈಗ ಸಂಖ್ಯೆಯನ್ನು ಮುಟ್ಟದಿದ್ದರೆ ಬರೆದಿದ್ದ ಹಾಗೇ ಹೊರಗೆ ಬರುತ್ತದೆ. ಆದರೆ ಸೊನ್ನೆ ಕೂಡಿಸಿ ನೋಡಿ, ಮತ್ತೆ ಹಳೆಯ ಕಥೆ. ಲೆಕ್ಕ ಶುರುವಾದ ಕೂಡಲೇ ಅದು ಫ್ಲೋಟಿಂಗ್ ಪಾಯಿಂಟ್‌ಗೆ ಇಳಿಯುತ್ತದೆ. ದೊಡ್ಡ ಪೂರ್ಣಾಂಕಗಳ ಮೇಲೆ ಲೆಕ್ಕ ಮಾಡಲೇಬೇಕೆಂದರೆ ಜೆಕ್ಯೂವನ್ನೇ ಗೋ ಭಾಷೆಯಲ್ಲಿ ಮತ್ತೆ ಬರೆದ ಗೋಜೆಕ್ಯೂ ಇದೆ, ಅಲ್ಲಿ ಈ ಮಿತಿ ಇಲ್ಲ. ನಾನಂತೂ ಐಡಿಗಳನ್ನು ಸ್ಟ್ರಿಂಗ್ (ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು) ಆಗಿಯೇ ಕಳಿಸಿ ಅಂತ ಜಗಳ ತೆಗೆಯುತ್ತೇನೆ.

ಈ 1.7 ಬರುವುದಕ್ಕೆ ಎಷ್ಟು ಕಾದೆವು ಗೊತ್ತಾ? 1.6 ಬಂದದ್ದು 2018ರ ನವೆಂಬರ್‌ನಲ್ಲಿ. 1.7 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಹತ್ತಿರ ಹತ್ತಿರ ಐದು ವರ್ಷ. ಪ್ರಾಜೆಕ್ಟ್ ಸತ್ತೇಹೋಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ರಸ್ಟ್ ಭಾಷೆಯಲ್ಲಿ ಬರೆದ, ಇದರಂಥದೇ ಟೂಲ್ ಜಾಕ್ (jaq) ಕಡೆಗೆ ಒಂದು ಕಾಲು ಇಟ್ಟೂ ಆಗಿತ್ತು. 2023ರಲ್ಲಿ ಪ್ರಾಜೆಕ್ಟ್ ಹೊಸ ಗಿಟ್‌ಹಬ್ ಸಂಸ್ಥೆಯ ಕೆಳಗೆ ಹೋಯಿತು, ಹೊಸ ನಿರ್ವಾಹಕರು ಸೇರಿಕೊಂಡರು, ಗಾಡಿ ಮತ್ತೆ ಹೊರಟಿತು. ಆದರೆ ನಿಜ ಹೇಳಬೇಕೆಂದರೆ, ಆ ಐದು ವರ್ಷ ನನ್ನ ಒಂದು ಸ್ಕ್ರಿಪ್ಟೂ ಮುರಿಯಲಿಲ್ಲ. ತಿಂಗಳಿಗೊಂದು ಹೊಸ ಆವೃತ್ತಿ ಬಿಟ್ಟು ಎಲ್ಲ ಕೆಡಿಸುವ ಲೈಬ್ರರಿಗಳ ನಡುವೆ ಇದೂ ಒಂಥರಾ ಸುಖವೇ, ಅಲ್ವಾ?

1.7ರಲ್ಲಿ ನನ್ನ ಕೈಗೆ ತಕ್ಷಣ ಹತ್ತಿದ್ದು ಎಲ್ಸ್ ('ಇಲ್ಲದಿದ್ದರೆ') ಇಲ್ಲದ ಇಫ್ ('ಹೀಗಿದ್ದರೆ'). ಮೊದಲು ಏನೂ ಮಾಡುವುದಿಲ್ಲ ಎಂದರೂ ಎಲ್ಸ್ ಬರೆದು, ಬಂದದ್ದನ್ನು ಹಾಗೇ ಬಿಡು ಎನ್ನುವ ಒಂದು ಚುಕ್ಕಿ ಇಡಬೇಕಿತ್ತು. ಈಗ ಬೇಡ. ಈ ಸುಖವೇ ಒಂದು ಸಂಜೆ ಕೈಕೊಟ್ಟಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ 1.7, ಸರ್ವರ್‌ನಲ್ಲಿ ಇನ್ನೂ 1.6. ಇಲ್ಲಿ ಚೆನ್ನಾಗಿ ಓಡಿದ ಸ್ಕ್ರಿಪ್ಟ್ ಅಲ್ಲಿ ಸಿಂಟ್ಯಾಕ್ಸ್ ಎರರ್ ಎಂದು ಬಿತ್ತು. ಲಿನಕ್ಸ್ ವಿತರಣೆಗಳಲ್ಲಿ ಹಳೆಯ ಆವೃತ್ತಿ ವರ್ಷಗಟ್ಟಲೆ ಉಳಿಯುತ್ತದೆ. ಈಗ ಪ್ರತಿ ಸ್ಕ್ರಿಪ್ಟ್‌ನ ತಲೆಯಲ್ಲೇ ಆವೃತ್ತಿ ನೋಡುವ ಸಾಲು ಹಾಕುತ್ತೇನೆ. ವೇಗವೂ ಹೆಚ್ಚಿದೆ. 1.6 ಶುರುವಾಗಲು 1.5ಕ್ಕಿಂತ ನಿಧಾನ ಇತ್ತು, ಸಾವಿರ ಫೈಲ್‌ಗಳ ಲೂಪ್‌ನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ಆ ಕಾಟ ಹೋಯಿತು.

ಇನ್ನು 1.8, 2025ರ ಜೂನ್‌ನಲ್ಲಿ ಬಂದದ್ದು. ಬಹಳ ಜನ ಗಮನಿಸದ, ನನಗೆ ಮಾತ್ರ ಹಬ್ಬದಂತಾದ ಬದಲಾವಣೆ ಇದರಲ್ಲಿದೆ. ಸ್ಟ್ರಿಂಗ್‌ನೊಳಗೆ ಒಂದು ತುಣುಕು ಎಲ್ಲಿದೆ ಎಂದು ಹೇಳುವ ಇಂಡೆಕ್ಸ್ ಫಂಕ್ಷನ್ ಮೊದಲು ಬೈಟ್ ಲೆಕ್ಕದಲ್ಲಿ ಉತ್ತರಿಸುತ್ತಿತ್ತು. ಕತ್ತರಿಸುವ ಸ್ಲೈಸ್ ಮಾತ್ರ ಕೋಡ್‌ಪಾಯಿಂಟ್ (ಯೂನಿಕೋಡ್ ಪ್ರತಿ ಚಿಹ್ನೆಗೆ ಕೊಡುವ ಸಂಖ್ಯೆ) ಲೆಕ್ಕದಲ್ಲಿ ಕೆಲಸ ಮಾಡುತ್ತಿತ್ತು. ಇಂಗ್ಲಿಷ್‌ನಲ್ಲಿ ಎರಡೂ ಒಂದೇ, ಯಾರಿಗೂ ಗೊತ್ತಾಗುವುದಿಲ್ಲ. 'ಕನ್ನಡ' ಎಂಬ ಪದ ಹಾಕಿ ನೋಡಿ. ಕಣ್ಣಿಗೆ ಮೂರಕ್ಷರ, ಯೂನಿಕೋಡ್‌ನಲ್ಲಿ ಐದು ಕೋಡ್‌ಪಾಯಿಂಟ್, ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 15 ಬೈಟ್. 'ಡ' ಎಲ್ಲಿದೆ ಎಂದರೆ ಹಳೆಯ ಜೆಕ್ಯೂ 12 ಎನ್ನುತ್ತಿತ್ತು (ಎಣಿಕೆ ಸೊನ್ನೆಯಿಂದ ಶುರು). ಆ 12ನ್ನು ಹಿಡಿದು ಕತ್ತರಿಸಲು ಹೋದರೆ ಕೈಗೆ ಸಿಗುವುದು ಖಾಲಿ ಸ್ಟ್ರಿಂಗ್. ನಾನು ರೆಜೆಕ್ಸ್‌ನ (ಪಠ್ಯದಲ್ಲಿ ಮಾದರಿ ಹುಡುಕುವ ವಿಧಾನ) ಮ್ಯಾಚ್ ಬಳಸಿ, ಅದರ ಆಫ್‌ಸೆಟ್ (ಸಿಕ್ಕ ಜಾಗದ ಸಂಖ್ಯೆ) ತೆಗೆದು ದಾಟಿಕೊಳ್ಳುತ್ತಿದ್ದೆ. ಈಗ ನೇರವಾಗಿ 4 ಎನ್ನುತ್ತದೆ. ಬೈಟ್ ಲೆಕ್ಕ ನಂಬಿ ಬರೆದ ಹಳೆಯ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ ಮಾತ್ರ ಒಮ್ಮೆ ತೆರೆದು ನೋಡಿ. ಮತ್ತೆ, 1.8.0ರಲ್ಲೇ ನಿಲ್ಲಬೇಡಿ. ಮುಂದಿನ ತಿಂಗಳೇ ಬಂದ 1.8.1ರಲ್ಲಿ ಭದ್ರತೆಯ ತಿದ್ದುಪಡಿ ಇದೆ.

ದೂರುಗಳೂ ಇವೆ. 'ಕೆನಾಟ್ ಇಟರೇಟ್ ಓವರ್ ನಲ್' (ನಲ್, ಅಂದರೆ ಏನೂ ಇಲ್ಲದ ಮೌಲ್ಯದೊಳಗೆ ಒಂದೊಂದಾಗಿ ಸಾಗಲಾಗದು) ಎಂಬ ಎರರ್ ಇವತ್ತಿಗೂ ಸಿಟ್ಟು ತರಿಸುತ್ತದೆ. ಉದ್ದದ ಫಿಲ್ಟರ್‌ನಲ್ಲಿ ಯಾವ ಜಾಗದಲ್ಲಿ ನಲ್ ಸಿಕ್ಕಿತು ಎಂದು ಹೇಳುವುದಿಲ್ಲ. ಹೊರಗಿನಿಂದ ಆರ್ಗ್ (--arg) ಆಯ್ಕೆಯ ಮೂಲಕ ಕೊಟ್ಟ ಮೌಲ್ಯ ಯಾವಾಗಲೂ ಸ್ಟ್ರಿಂಗ್. 5 ಕೊಟ್ಟು ಸಂಖ್ಯೆಯ ಜೊತೆ ಹೋಲಿಸಿದರೆ ಹೊಂದುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಆರ್ಗ್‌ಜೇಸನ್ (--argjson) ಬಳಸಬೇಕು. ಎಡಗಡೆ ಮೌಲ್ಯ ಇಲ್ಲದಿದ್ದರೆ ಡೀಫಾಲ್ಟ್ ಕೊಡುವ ಎರಡು ಓರೆಗೆರೆ (//) ಇದಕ್ಕಿಂತ ಜಾಸ್ತಿ ಮೋಸ. ನಲ್ ಇದ್ದಾಗ ಮಾತ್ರವಲ್ಲ, ಫಾಲ್ಸ್ ಇದ್ದಾಗಲೂ ಅದು ಬಲಗಡೆಯ ಮೌಲ್ಯ ಕೊಡುತ್ತದೆ. ಫಾಲ್ಸ್ ಎಂದು ಸ್ಪಷ್ಟವಾಗಿ ಬರೆದಿದ್ದ ಸೆಟ್ಟಿಂಗ್ ಹೀಗೆ ಟ್ರೂ ಆಗಿಬಿಟ್ಟಿದ್ದನ್ನು ಹುಡುಕಲು ನನಗೆ ಅರ್ಧ ದಿನ ಹಿಡಿಯಿತು. ದೊಡ್ಡ ಫೈಲ್ ಇದ್ದರೆ ಪೂರ್ತಿ ಮೆಮೊರಿಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಸ್ಟ್ರೀಮ್ ಆಯ್ಕೆ ಇದೆ, ಆದರೆ ಅದನ್ನು ಮ್ಯಾನ್ಯುಯಲ್ ನೋಡದೆ ಬರೆಯಲು ನನಗೆ ಇನ್ನೂ ಬಂದಿಲ್ಲ.

ಫಿಲ್ಟರ್ 20 ಸಾಲು ದಾಟಿದರೆ ನಾನು ಪೈಥಾನ್‌ಗೆ ಹೋಗುತ್ತೇನೆ. ಜೆಕ್ಯೂನಲ್ಲೇ ಪ್ರೋಗ್ರಾಂ ಬರೆಯುವವರಿದ್ದಾರೆ, ನಮಸ್ಕಾರ ಅವರಿಗೆ. ನನಗೆ ಅದು ಪೈಪ್‌ಗಳ ನಡುವೆ ಕೂರುವ ಜರಡಿ. ಈ ವಾರ 1.8.1 ಹಾಕಿದ ಮೇಲೆ ಹಳೆಯ ಮ್ಯಾಚ್ ಆಫ್‌ಸೆಟ್ ಕಸರತ್ತುಗಳನ್ನು ಹುಡುಕಿ ಅಳಿಸಿದೆ. ಏಳು ಫೈಲ್‌ಗಳಲ್ಲಿ ಸಿಕ್ಕವು. ಎಂಟನೆಯದು ಆ 1.6ರ ಸರ್ವರ್‌ನಲ್ಲಿ ಓಡುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇನೆ.