'ಫ್ರಮ್ ಹೆಲ್' ನೋಡಿ ನನ್ನ ಹಾಗೆ ಬೇಸ್ತು ಬೀಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಕ್ಲೈಮ್ಯಾಕ್ಸೂ ಬರುತ್ತದೆ. ಬೇಜಾರಾಗಬೇಡಿ, ನಿಮಗೆ ಎರಡು ಗಂಟೆ ಉಳಿಯುತ್ತದೆ.

2001ರ ಈ ಸಿನಿಮಾ 1888ರ ಲಂಡನ್ನಿನ ಜ್ಯಾಕ್ ದ ರಿಪ್ಪರ್ ಕೊಲೆಗಳದ್ದು. ಕೊನೆಗೂ ಸಿಗದ ಕೊಲೆಗಾರನಿಗೆ ಜನ ಇಟ್ಟ ಹೆಸರು ಅದು. ನೋಡಿದ ಹೊಸತರಲ್ಲಿ ನಾನು ಅದನ್ನೇ ಇತಿಹಾಸ ಅಂದುಕೊಂಡೆ. ಸಿಕ್ಕವರಿಗೆಲ್ಲ 'ಗೊತ್ತಾ, ರಾಣಿಯ ಡಾಕ್ಟರೇ ಕೊಲೆಗಾರ' ಅಂತ ಹೇಳಿದ್ದೇ ಹೇಳಿದ್ದು. ಲಂಡನ್ನಿನಿಂದ ರಜೆಗೆ ಬಂದಿದ್ದ ಭಾವನ ಮುಂದೆಯೂ ಈ ಪುರಾಣ ಬಿಚ್ಚಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಆ ಡಾಕ್ಟರಿಗೆ ಹಿಂದಿನ ವರ್ಷವೇ ಲಕ್ವ ಹೊಡೆದಿತ್ತು ಕಣಯ್ಯ' ಅಂದರು. ಮನೆಯವರೆಲ್ಲ ನಕ್ಕರು. ಆಮೇಲೆ ಕೂತು ಓದಿದೆ.

ಭಾವ ಹೇಳಿದ್ದು ನಿಜ. ಆ ಡಾಕ್ಟರು, ಸರ್ ವಿಲಿಯಂ ಗಲ್‌ಗೆ 1887ರಲ್ಲಿ ಲಕ್ವ ಹೊಡೆದಿತ್ತು. ಕೊಲೆಗಳಾದಾಗ ವಯಸ್ಸು 71. ಅಂಥವರು ಕೊಲೆಗಳು ನಡೆದ ವೈಟ್‌ಚಾಪೆಲ್ ಬಡಾವಣೆಯ ಕತ್ತಲ ಓಣಿಯಲ್ಲಿ ಚಾಕು ಹಿಡಿದು ಓಡಾಡಿದರಂತೆ! ರಾಜಕುಮಾರನ ಗುಟ್ಟಿನ ಮದುವೆ, ಮಗು, ಅದನ್ನು ಮುಚ್ಚಿಡಲು ವಿಷಯ ಗೊತ್ತಿದ್ದ ಹೆಂಗಸರ ಕೊಲೆ, ಸಿನಿಮಾದ ಈ ಕಥೆಯೆಲ್ಲ ಹುಟ್ಟಿದ್ದು 1970ರ ದಶಕದಲ್ಲಿ. ಅದನ್ನು ಹೇಳಿದ ಜೋಸೆಫ್ ಸಿಕರ್ಟ್ 1978ರಲ್ಲಿ ರಿಪ್ಪರ್ ಭಾಗ ಕಟ್ಟುಕಥೆ ಅಂತ ಒಪ್ಪಿಕೊಂಡಿದ್ದರು. ಸಿನಿಮಾ ಬಂದಿದ್ದು ಅದಾಗಿ 23 ವರ್ಷಕ್ಕೆ.

ಇನ್ನು ಪಾತ್ರಗಳು. ಕೊಲೆಗಳ ತನಿಖೆ ಮಾಡಿದ ಇನ್‌ಸ್ಪೆಕ್ಟರ್ ಅಬರ್ಲೈನ್ ಆಗ 45ರ ಪೊಲೀಸ್, ಅದೇ ವೈಟ್‌ಚಾಪೆಲ್ಲಿನಲ್ಲಿ 14 ವರ್ಷ ತಿರುಗಿದವರು. ಸಿನಿಮಾದಲ್ಲಿ ಅವರು ಜಾನಿ ಡೆಪ್, ಅಂದರೆ ಅಫೀಮು ಸೇದಿ ಕನಸಲ್ಲಿ ಕೊಲೆ ಕಾಣುವ ಸುಂದರಾಂಗ. ಡೆಪ್ ನಟನೆ ಕೆಟ್ಟದ್ದಲ್ಲ, ಆದರೆ ಸುಳಿವೆಲ್ಲ ಕನಸಲ್ಲೇ ಸಿಗುವುದಾದರೆ ಪತ್ತೇದಾರಿ ಯಾಕೆ ಬೇಕು ಹೇಳಿ? ಕೊನೆಗೆ ಅಫೀಮು ಜಾಸ್ತಿಯಾಗಿ ಸತ್ತೇ ಹೋಗುತ್ತಾನೆ. ನಿಜವಾದ ಅಬರ್ಲೈನ್ 1892ರಲ್ಲಿ ನಿವೃತ್ತರಾದರು, 1929ರಲ್ಲಿ 86ನೇ ವಯಸ್ಸಿಗೆ ಬೋರ್ನ್‌ಮತ್‌ನಲ್ಲಿ ತೀರಿಕೊಂಡರು.

ನನಗೆ ತುಂಬಾ ಚುಚ್ಚಿದ್ದು ಹೆಂಗಸರ ವಿಷಯ. ಸತ್ತ ಐವರಲ್ಲಿ ನಾಲ್ವರು ನಲವತ್ತು ದಾಟಿದವರು. ಆನಿ ಚಾಪ್ಮನ್‌ಗೆ 47, ಮೊದಲೇ ಕಾಯಿಲೆ. ಸಾಯುವ ರಾತ್ರಿ ಹಾಸಿಗೆ ಬಾಡಿಗೆಗೂ ಕಾಸಿಲ್ಲದೆ ಬೀದಿಗೆ ಬಿದ್ದಿದ್ದರು. ಸಿನಿಮಾಕ್ಕೆ ಇದು ಸಾಲಲಿಲ್ಲ. ಐವರನ್ನೂ ಗೆಳತಿಯರ ಗುಂಪು ಮಾಡಿದ್ದಾರೆ, ಅದಕ್ಕೆ ಆಧಾರವೇ ಇಲ್ಲ. ಐವರಲ್ಲಿ ಕೊನೆಯವಳಾದ, ಹೀತರ್ ಗ್ರಹಾಮ್ ನಟಿಸಿದ ಮೇರಿ ಕೆಲ್ಲಿಯಂತೂ ಆ ಕೊಳಕಿನ ಮಧ್ಯೆ ಈಗಷ್ಟೇ ತಲೆಗೆ ಸ್ನಾನ ಮಾಡಿ ಬಂದ ಹಾಗಿದ್ದಾಳೆ. ಆಮೇಲೆ ನೋಡಿದರೆ ಅವಳು ಸಾಯುವುದೇ ಇಲ್ಲ! ಬೇರೆ ಯಾರೋ ಸತ್ತು, ಇವಳು ಮಗುವಿನ ಜೊತೆ ಐರ್ಲೆಂಡಿನ ಕಡಲ ತೀರದಲ್ಲಿ. ನಿಜವಾದ ಮೇರಿ 1888ರ ನವೆಂಬರ್ 9ರಂದು ಮಿಲ್ಲರ್ಸ್ ಕೋರ್ಟಿನ ತನ್ನ ಪುಟ್ಟ ಕೋಣೆಯಲ್ಲೇ ಕೊಲೆಯಾದಳು.

ಸೆಟ್ ಚೆನ್ನಾಗಿದೆ, ಸುಳ್ಳು ಹೇಳಬಾರದು. ಪ್ರಾಗ್‌ನಲ್ಲಿ ಹಾಕಿದ್ದಂತೆ. ಅಷ್ಟಕ್ಕೇ ನೋಡುವವರು ನೋಡಿ, ಆದರೆ ಯಾರ ಮುಂದೆಯೂ ಕಥೆ ಹೇಳಲು ಹೋಗಬೇಡಿ. ಭಾವ ಈಗಲೂ ಫೋನ್ ಮಾಡಿದರೆ ಮೊದಲು ಕೇಳುವುದು, 'ಏನಯ್ಯ, ರಾಣಿಯ ಡಾಕ್ಟರು ಹುಷಾರಾಗಿದ್ದಾರಾ?'