ಯೂರೋಪಲ್ಲಿ ಇನ್ಶೂರೆನ್ಸ್: ಯಾವ ದೇಶದ ಕಾನೂನು ನಿಮ್ಮ ಪಾಲಿಗೆ?

ಆಮ್‌ಸ್ಟರ್‌ಡ್ಯಾಮಲ್ಲಿ ಕೂತು ಜರ್ಮನ್ ಕಂಪನಿ ಪಾಲಿಸಿ ತಗೊಂಡ್ರೆ ಜಗಳ ಬಂದಾಗ ಯಾವ ಕಾನೂನು ನೋಡ್ತಾರೆ ಅನ್ನೋದಕ್ಕೆ ಯೂರೋಪಿಯನ್ ಯೂನಿಯನ್‌ನಲ್ಲಿ ರೋಮ್ 1 ಅಂತ ನಿಯಮ ಇದೆ, 2009ರ ಡಿಸೆಂಬರ್ 17ರಿಂದ ಆದ ಒಪ್ಪಂದಗಳಿಗೆ ಅದೇ ಲೆಕ್ಕ, ಅದರಲ್ಲಿ 7ನೇ ವಿಧಿ ಪೂರ್ತಿ ಇನ್ಶೂರೆನ್ಸ್‌ಗೇ.

ದೊಡ್ಡ ರಿಸ್ಕ್ ಅಂದ್ರೆ ಹಡಗು, ವಿಮಾನ, ಸಾಗಿಸೋ ಸರಕು, ಇಂಥವು. ಇದಕ್ಕೆ ಯಾವ ದೇಶದ ಕಾನೂನು ಬೇಕಾದ್ರೂ ಬರ್ಕೋಬಹುದು, ಇಂಗ್ಲಿಷ್ ಕಾನೂನೂ ಆಗತ್ತೆ. ಏನೂ ಬರೀದೆ ಬಿಟ್ರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕಂಪನಿ ಇರೋ ದೇಶದ್ದು, ಅಂದ್ರೆ ಅವರಿಗೆ ಅನುಕೂಲ, ಅದಕ್ಕೇ ಮೊದಲೇ ಬರೆಸ್ಕೊಳ್ಳಿ.

ಮನೆ, ಕಾರು, ಸಣ್ಣ ಅಂಗಡಿ ಆದ್ರೆ ಅಷ್ಟು ಸ್ವಾತಂತ್ರ್ಯ ಇಲ್ಲ. ರಿಸ್ಕ್ ಇರೋ ದೇಶ, ನೀವು ವಾಸ ಇರೋ ದೇಶ, ಇಂಥ ಕೆಲವೇ ಆಯ್ಕೆ. ಬರೀದಿದ್ರೆ ರಿಸ್ಕ್ ಇರೋ ದೇಶದ್ದೇ. ಕಟ್ಟಡಕ್ಕೆ ಅದು ನಿಂತಿರೋ ಜಾಗ, ಗಾಡಿಗೆ ರಿಜಿಸ್ಟ್ರೇಶನ್ ಆದ ದೇಶ. ಗ್ರಾಹಕನಿಗೆ ಇದೇ ಒಳ್ಳೇದು ಅಂತ ನನಗನ್ಸುತ್ತೆ, ಗೊತ್ತಿಲ್ಲದ ದೇಶದ ಕಾನೂನು ತಂದು ತಲೆಮೇಲೆ ಹಾಕೋಕಾಗಲ್ಲ.

ಲೈಫ್ ಇನ್ಶೂರೆನ್ಸ್‌ಗೆ ಇನ್ನೊಂದು ಆಯ್ಕೆ ಸೇರ್ಕೊಳ್ಳತ್ತೆ, ನಿಮ್ಮ ಪೌರತ್ವದ ದೇಶ. ಆದ್ರೆ ಅದು ಯೂನಿಯನ್ ಸದಸ್ಯ ದೇಶ ಆಗಿರ್ಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿರೋ ಜರ್ಮನ್ ಪೌರನಿಗೆ ಜರ್ಮನ್ ಕಾನೂನು ಸಿಗತ್ತೆ, ಪಕ್ಕದ ಮನೇಲಿರೋ ನಮ್ಮ ಹುಬ್ಬಳ್ಳಿ ಹುಡುಗನ ಕೈಲಿ ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಈ ದಾರಿಲಿ ಭಾರತದ ಕಾನೂನು ಸಿಗಲ್ಲ.

ರೀಇನ್ಶೂರೆನ್ಸ್‌ಗೆ ಈ ವಿಧಿ ಲಾಗೂನೇ ಇಲ್ಲ, ಅದು ಇನ್ಶೂರೆನ್ಸ್ ಕಂಪನಿ ತನ್ನ ರಿಸ್ಕ್‌ಗೆ ಇನ್ನೊಂದು ಕಂಪನಿ ಹತ್ರ ಮಾಡಿಸೋ ಇನ್ಶೂರೆನ್ಸ್, ಕಂಪನಿ ಕಂಪನಿಗಳ ವ್ಯವಹಾರ.